ಸೋಮವಾರದ ಹ್ಯಾಕರು

“ನಿಮ್ಮ ಮಗ ಮಿಷನ್ ನಿಲ್ಸೋನು ಕಣ್ರಿ! ಮಿಷನ್ ನಿಲ್ಸೋನ್ಗೆ ನಾನು ಮಗಳ ಕೊಡಕಿಲ್ಲ!”

“ನಾಲಿಗೆ ಬಿಗಿ ಇಡ್ಕಂಡು ಮಾತಾಡಿ ಬೀಗ್ರೇ! ನನ್ನ ಮಗ ಡಿಪ್ಲೊಮಾ ಓದವ್ನೆ. ಅವ್ನು ಸಂಬಳ ತಕತಾ ಇರಾದು ಮಿಷನ್ ಓಡ್ಸಾಕೆ, ನಿಲ್ಸಾಕಲ್ಲ!”

“ಬೀಗ್ರು ಅನ್ಬ್ಯಾಡಿ! ಇನ್ನೂ ವೀಳ್ಯ ಬದಲಾಯಿಸಿಲ್ಲ!”

“ಬದಲಾಯಿಸಾಕೆ ಅಂತ್ಲೇ ಬಂಡಳ್ಳಿಯಿಂದ ಎರಡು ಬಸ್ ಹತ್ತಿ ಇಳ್ದು ಬಂದಿವ್ನಿ! ತಂದ ಎಲೆ ಬಾಡ್ತಾ ಅದೆ, ನೋಡಿ ಇಲ್ಲಿ!”

ಸದಾಶಿವಪ್ಪನವರು ಚೀಲದಿಂದ ವೀಳ್ಯದೆಲೆಯ ಕಟ್ಟು ತೆಗೆದು ಕೆಂಪನಂಜಪ್ಪನ ಮೂಗಿನ ಹತ್ತಿರ ಹಿಡಿದರು. ಎಲೆ ನಿಜವಾಗಿಯೂ ಬಾಡಿತ್ತು. ಅದಕ್ಕೂ ಅವರ ಮಗನೇ ಕಾರಣ ಎನ್ನುವ ಹಾಗೆ ಕೆಂಪನಂಜಪ್ಪ ಮುಖ ತಿರುಗಿಸಿದ.

ಈ ಜಗಳ ನಡೆದದ್ದು ಸತ್ತೇಗಾಲದಲ್ಲಿ, ಕೆಂಪನಂಜಪ್ಪನ ಜಗಲಿಯ ಮೇಲೆ. ಗುಟ್ಟಾಗಿ ಜಗಳವಾಡುವುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ. ಎದುರು ಮನೆಯ ಪುಟ್ಟಸಿದ್ದಯ್ಯ ಕಾಫಿ ಲೋಟ ಹಿಡಿದು ತನ್ನ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ. ನಡುವೆ ಒಂದು ಲಾರಿ ಹಾದುಹೋದಾಗ, “ಒಸಿ ತಡೀರಿ, ಎಲೆ ಬಾಡ್ತು ಅಂದ್ಮೇಲೆ ಏನಂದ್ರಿ? ಕೇಳಿಸ್ನಿಲ್ಲ,” ಎಂದು ಕೂಗಿದ.

ವಿಷಯ ಇಷ್ಟು. ಊರಾಚೆ ಕಾವೇರಿಯಿಂದ ಒಂದು ಕಾಲುವೆ ತಿರುಗಿಸಿ, ಖಾಸಗಿಯವರು ಒಂದೇ ಒಂದು ಚಕ್ರ ಕೂರಿಸಿ ಕರೆಂಟು ತೆಗೆಯುವ ಸಣ್ಣ ಪವರ್ ಹೌಸಿದೆ. ಕೆಂಪನಂಜಪ್ಪ ಅಲ್ಲಿ ಕಂಟ್ರೋಲ್ ರೂಮಿನ ಬಾಗಿಲು ತೆಗೆದು, ಕಸ ಗುಡಿಸಿ, ಕುಡಿಯುವ ನೀರು ಇಡುವ ಅಟೆಂಡರು. ಊರಲ್ಲಿ ಮಾತ್ರ “ಕಂಟ್ರೋಲ್ ರೂಮು ಪೂರ್ತಿ ನನ್ ಕಂಟ್ರೋಲ್‌ನಲ್ಲದೆ” ಎಂದು ಹೇಳಿಕೊಂಡಿದ್ದ. ಬಾಗಿಲ ಬೀಗದ ಕೈ ಅವನ ಉಡಿದಾರದಲ್ಲೇ ಇದ್ದುದರಿಂದ ಅದನ್ನು ಪೂರಾ ಸುಳ್ಳು ಎನ್ನಲೂ ಬರುವುದಿಲ್ಲ. ಅದೇ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಚಕ್ರ ಓಡಿಸುವ ಆಪರೇಟರೇ ಸದಾಶಿವಪ್ಪನವರ ಮಗ ಮಲ್ಲಿಕಾರ್ಜುನಸ್ವಾಮಿ. ಹುಡುಗ ಒಳ್ಳೆಯವನು, ಬೀಡಿ ಸಿಗರೇಟಿಲ್ಲ, ದೊಡ್ಡವರು ಬಂದರೆ ಎದ್ದು ನಿಲ್ಲುತ್ತಾನೆ. ಕೆಂಪನಂಜಪ್ಪ ತಾನಾಗಿಯೇ ನೋಡಿ, ಮೆಚ್ಚಿ, ಮಗಳು ಸೌಮ್ಯಳಿಗೆ ಈ ಸಂಬಂಧ ಕುದುರಿಸಿದ್ದ.

ಅಷ್ಟರಲ್ಲಿ ಸೋಮವಾರಗಳ ಕಾಟ ಶುರುವಾಯಿತು. ವಾರವೆಲ್ಲ ಚೆನ್ನಾಗಿ ಓಡುವ ಚಕ್ರ ಸೋಮವಾರ ಬೆಳಗ್ಗೆ ತಟಕ್ಕನೆ ನಿಲ್ಲತೊಡಗಿತು. ಅದು ಹಾಗೆ ಹಠಾತ್ತನೆ ನಿಂತರೆ ಆ ಲೈನಿನ ಮೇಲಿದ್ದ ಊರುಗಳ ಪಂಪುಗಳೂ ನಿಲ್ಲುತ್ತಿದ್ದವು. ಪವರ್ ಹೌಸಿನ ಎಂಜಿನಿಯರ್ ಶಾಂತಮೂರ್ತಿಗಳಿಗೆ ಹೆಸರಿನಲ್ಲಿ ಬಿಟ್ಟು ಬೇರೆಲ್ಲೂ ಶಾಂತಿ ಉಳಿಯಲಿಲ್ಲ. “ಬರೋ ಸೋಮವಾರ ಇನ್ನೊಂದು ಸಲ ನಿಲ್ಲಲಿ. ನೀನು ಬಂಡಳ್ಳಿಗೆ ಹೋಗಿ ರಾಗಿ ಬಿತ್ತು,” ಎಂದು ಮಲ್ಲಿಕಾರ್ಜುನಸ್ವಾಮಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಅದೇ ಮಾತನ್ನು ಕೆಂಪನಂಜಪ್ಪ ಈಗ ಎತ್ತಿಕೊಂಡ. “ಕೇಳಿ ಇಲ್ಲಿ! ಬರೋ ಸೋಮವಾರ ಮಿಷನ್ ನಿಂತ್ರೆ ಈ ಮದುವೇನೂ ನಿಂತಂಗೆ! ಇದು ಕೆಂಪನಂಜಪ್ಪನ ಮಾತು!”

“ನಿಲ್ದೆ ಓದ್ರೆ?”

“ನಿಲ್ದೆ ಓದ್ರೆ ಅಲ್ಲೇ, ಆ ಮಿಷನ್ ಮುಂದೇನೇ ವೀಳ್ಯ ಬದಲಾಯ್ಸುವಾ!”

“ಆಯ್ತು! ಸೋಮವಾರ ಬತ್ತೀನಿ! ಹೊಸ ಎಲೆ ತಕಂಡೇ ಬತ್ತೀನಿ!”

ಒಳಗಿನಿಂದ ಕೆಂಪನಂಜಪ್ಪನ ಹೆಂಡತಿ ವೀರಮ್ಮ ಸೌಟು ಹಿಡಿದು ಬಂದಳು. “ಜಗಳ ಮುಗೀತಾ? ಪಾಯಸ ಆರ್ತಾ ಅದೆ.”

ಸಿಟ್ಟು ಬೇರೆ, ಪಾಯಸ ಬೇರೆ. ಇಬ್ಬರೂ ಬೆನ್ನು ತಿರುಗಿಸಿ ಕುಳಿತು ಎರಡೆರಡು ಲೋಟ ಕುಡಿದರು.

ಓದುವವರನ್ನು ಕತ್ತಲಲ್ಲಿ ಇಡುವುದು ನನಗೆ ಆಗುವುದಿಲ್ಲ. ಆ ಊರಿನವರು ಕತ್ತಲಲ್ಲಿ ಇದ್ದದ್ದೇ ಸಾಕು. ಸೋಮವಾರ ಸೋಮವಾರ ಚಕ್ರ ನಿಲ್ಲಿಸುತ್ತಿದ್ದವನು ಕೆಂಪನಂಜಪ್ಪನೇ. ಅದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಮೊದಲು ಆ ರೂಮಿನಲ್ಲಿ ಬೀರುವಿನಷ್ಟು ದೊಡ್ಡ ಕಬ್ಬಿಣದ ಬೋರ್ಡು ಇತ್ತು. ಮುಳ್ಳು, ಬಲ್ಬು, ಹಿಡಿಕೆ, ಎಲ್ಲ ಅದರಲ್ಲೇ. ಸೋಮವಾರ ಶಿವನ ವಾರ. ಕೆಂಪನಂಜಪ್ಪ ಸ್ನಾನ ಮಾಡಿ ಬಂದು ಬಾಗಿಲಿಗೆ, ಮೇಜಿಗೆ, ಕೊನೆಗೆ ಆ ಬೋರ್ಡಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಹೂ ಮುಡಿಸಿ ಮಂಗಳಾರತಿ ಮಾಡುತ್ತಿದ್ದ. ಕಬ್ಬಿಣದ ಬೋರ್ಡು ಹಣೆ ಕೊಟ್ಟು ಸುಮ್ಮನಿರುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ಈಚೆಗೆ ಕಂಪನಿಯವರು ಆ ಬೋರ್ಡು ಕಿತ್ತು, ಅಲ್ಲಿ ಅಗಲವಾದ ಗಾಜಿನ ಸ್ಕ್ರೀನು ಕೂರಿಸಿದರು. ಚಕ್ರದ ವೇಗ, ಕಾಲುವೆಯ ನೀರಿನ ಮಟ್ಟ, ಬೇರಿಂಗಿನ ಬಿಸಿ, ಎಲ್ಲವೂ ಅದರ ಮೇಲೆ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಮೊಬೈಲಿನಂತೆ ಬೆರಳಲ್ಲಿ ಮುಟ್ಟಿದರೆ ಕೆಲಸ ಮಾಡುವ ಗಾಜು ಅದು.

ಬೋರ್ಡು ಬದಲಾದರೆ ಪೂಜೆ ಬದಲಾಗುತ್ತದೆಯೇ? ಕೆಂಪನಂಜಪ್ಪ ಗಾಜಿನ ಹಣೆಗೂ ಮೂರು ಬೆರಳು ಎಳೆದ. ಹೋಗುವ ದಾರಿಯಲ್ಲಿ ಆ ಬೆರಳು ‘ನಿಲ್ಲಿಸು’ ಎನ್ನುವ ಗುಂಡಿಗೆ ತಗುಲಿತು. ಯಂತ್ರ ಮರ್ಯಾದಸ್ಥ. ತಕ್ಷಣ ನಿಲ್ಲಿಸಲಿಲ್ಲ. ‘ಖಂಡಿತವಾಗಿ ನಿಲ್ಲಿಸಲೇ?’ ಎಂದು ಗಾಜಿನ ನಡುವೆ ಇಂಗ್ಲಿಷಿನಲ್ಲಿ ಕೇಳಿ, ಕೆಳಗೆ ‘ಹೌದು’ ಎಂಬ ಚೌಕ ತೋರಿಸಿತು. ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿ ‘ಓಂ ನಮಃ ಶಿವಾಯ’ ಎನ್ನುತ್ತಿದ್ದ ಕೆಂಪನಂಜಪ್ಪನ ಬೆರಳು ಕುಂಕುಮ ತುಂಬಿಕೊಂಡು ಬಂದು ಸರಿಯಾಗಿ ಆ ಚೌಕದ ಮೇಲೆ ಒತ್ತಿತು. ಇವನು ಒಂದು ಸಲ ನಿಲ್ಲಿಸು ಅಂದ, ಯಂತ್ರ ನಿಜವೇ ಎಂದು ಕೇಳಿದ್ದಕ್ಕೂ ಹೂಂ ಅಂದ. ಇನ್ನೇನು ಮಾಡೀತು ಪಾಪ?

ಚಕ್ರ ನಿಲ್ಲುವಾಗ ಅಪಾಯದ ಗಂಟೆ ಕಿರ್ರೆಂದು ಹೊಡೆದುಕೊಳ್ಳುತ್ತಿತ್ತು. ಆಗ ಕೆಂಪನಂಜಪ್ಪನೂ ತನ್ನ ಹಿತ್ತಾಳೆ ಗಂಟೆ ಹೊಡೆಯುತ್ತಿದ್ದ. ‘ಮಂಗಳಾರತಿಗೆ ಮಿಷನ್ನೂ ದನಿ ಸೇರಿಸ್ತಾ ಅದಲ್ಲಪ್ಪಾ’ ಎಂದು ಅವನಿಗೆ ಮೈ ಜುಮ್ಮೆನ್ನುತ್ತಿತ್ತು. ಗಾಜಿನ ಮೇಲೆ ಧೂಳು ಕಂಡರೆ ಶಾಂತಮೂರ್ತಿಗಳು ಕೂಗಾಡುತ್ತಾರೆಂದು ಆರತಿ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಬಿಡುತ್ತಿದ್ದ. ಅವರು ಪಂಚೆ ಎತ್ತಿಕೊಂಡು ಓಡಿ ಬರುವ ಹೊತ್ತಿಗೆ ಗಾಜು ಫಳಫಳ ಹೊಳೆಯುತ್ತಿತ್ತು. ಮೂಲೆಯಲ್ಲಿ ಕೆಂಪನಂಜಪ್ಪ ತಟ್ಟೆ ಹಿಡಿದು, “ಸಾ, ಪ್ರಸಾದ,” ಎನ್ನುತ್ತಿದ್ದ.

ಜಗಳವಾದ ಮರುದಿನವೇ ಗಾಜು ಕೂರಿಸಿದ ಕಂಪನಿಯಿಂದ ಮಾಲಿನಿ ಎಂಬ ಹುಡುಗಿ ಮೈಸೂರಿನಿಂದ ಬಂದಳು. ಎಂಜಿನಿಯರು. ಚುರುಕು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೈಹಾಕಿ ನೋಡಿ, “ಸರ್, ಇದು ತಾನಾಗಿ ನಿಂತಿಲ್ಲ. ನಿಲ್ಲಿಸು ಅಂತ ಯಾರೋ ಹೇಳಿದ್ದಾರೆ. ಆಪರೇಟರ್ ಹೆಸರಲ್ಲೇ ಹೇಳಿದ್ದಾರೆ,” ಎಂದಳು.

ಶಾಂತಮೂರ್ತಿಗಳು ಮಲ್ಲಿಕಾರ್ಜುನಸ್ವಾಮಿಯ ಕಡೆ ತಿರುಗಿದರು. ಅವನು ಎರಡು ಹೆಜ್ಜೆ ಹಿಂದೆ ಹೋದ.

“ಸರ್, ಆ ಹೊತ್ತಲ್ಲಿ ನಾನು ಕಾಲುವೆ ಜಾಲರಿ ಹತ್ರ ಇರ್ತೀನಿ. ತೆಂಗಿನಗರಿ, ಅಂತರಗಂಗೆ ಕಳೆ ಸಿಕ್ಕಾಕೊಂಡಿರುತ್ತೆ. ನಿಂತು ತೆಗೆಸ್ಬೇಕು. ನೀವೇ ಹೇಳಿರೋದು.”

“ಹಾಗಾದ್ರೆ ರೂಮಲ್ಲಿ ಯಾರಿದ್ರು?” ಎಂದು ಮಾಲಿನಿ ಕೇಳಿದಳು.

“ಯಾರೂ ಇಲ್ಲ ಮೇಡಂ. ಮಾವ ಒಬ್ರು ಪೂಜೆ ಮಾಡ್ತಿದ್ರು.”

“ಪೂಜೆ ಇರ್ಲಿ. ಯಾರಿದ್ರು ಅಂತ ಕೇಳಿದ್ದು.”

“ಯಾರೂ ಇಲ್ಲ ಮೇಡಂ.”

ಮಾಲಿನಿಯೂ ನಮ್ಮ ಕಡೆಯ ಹುಡುಗಿಯೇ ತಾನೆ? ನಮ್ಮಲ್ಲಿ ಪೂಜೆ ಮಾಡುತ್ತಿರುವವನನ್ನು ಯಾರೂ ಜನರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆಯ ಸದ್ದು ಕೇಳಿದರೆ ಕಳ್ಳನೂ ನಿಂತು ಕೈಮುಗಿದು ಮುಂದೆ ಹೋಗುತ್ತಾನೆ. ಅವಳು ತಲೆ ಕೆರೆದುಕೊಂಡು, “ಹಾಗಾದ್ರೆ ಹ್ಯಾಕರೇ ಸರ್. ಹೊರಗಿನಿಂದ ಯಾರೋ ಇಂಟರ್‌ನೆಟ್ ಮೂಲಕ ನುಗ್ಗಿ, ಇವರ ಹೆಸರು ಕದ್ದು ಮಿಷನ್ ನಿಲ್ಲಿಸ್ತಿದ್ದಾರೆ,” ಎಂದು ತೀರ್ಮಾನ ಕೊಟ್ಟು, ಗೋಡೆಯಿಂದ ಬರುವ ನೀಲಿ ವೈರನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ಕೆಂಪನಂಜಪ್ಪನಿಂದ ಪ್ರಸಾದದ ಬಾಳೆಹಣ್ಣೂ ತೆಗೆದುಕೊಂಡಳು.

ಆ ಸಂಜೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೆಂಪನಂಜಪ್ಪ ಬೆಂಚಿನ ನಡುವೆ ಕುಳಿತ. ಹ್ಯಾಕರು ಬಂದಿರುವುದು ತನ್ನ ರೂಮಿಗೆ ಎನ್ನುವುದು ಅವನಿಗೆ ಒಂದು ತೂಕ ಕೊಟ್ಟಿತ್ತು.

“ಯಾವ್ದೋ ದೇಸ್ದಲ್ಲಿ ಒಬ್ಬ ಕುಂತವ್ನೆ. ಅಲ್ಲಿಂದ್ಲೇ ನಮ್ ಚಕ್ರ ನಿಲ್ಲುಸ್ತಾನೆ.”

“ಯಾವ ದೇಸ್ದಲ್ಲಿ?” ಎಂದ ಪುಟ್ಟಸಿದ್ದಯ್ಯ.

“ಅದ್ನ ಏಳಂಗಿಲ್ಲ. ಕಂಪ್ನಿ ಗುಟ್ಟು.”

“ಅವ್ನಿಗೆ ನನ್ ಗದ್ದೆ ಮ್ಯಾಲೆ ಏನ್ಲಾ ಹೊಟ್ಟೆಕಿಚ್ಚು? ಸೋಮವಾರ ನಾನು ಪಂಪ್ ಹಾಕದೇ ತಡ, ಕರೆಂಟ್ ಕಿತ್ಕತಾನಲ್ಲ?”

“ನಿನ್ ಗದ್ದೆ ಮ್ಯಾಲಲ್ಲ ಕಣ್ಲಾ, ದೇಸದ ಮ್ಯಾಲೆ.”

“ದೇಸ ಇಷ್ಟು ದೊಡ್ದದೆ. ಅದ್ರಲ್ಲಿ ನನ್ ಪಂಪೇ ಬೇಕಿತ್ತಾ ಅವ್ನಿಗೆ? ಅದೂ ಸೋಮವಾರ್ವೇ ಯಾಕೆ?”

ಕೆಂಪನಂಜಪ್ಪ ಟೀ ಗುಟುಕರಿಸಿ ಸ್ವಲ್ಪ ಯೋಚಿಸಿದ. “ಭಾನುವಾರ ಅವ್ನಿಗೂ ರಜ ಇರ್ತದೆ. ಸೋಮವಾರ ಆಫೀಸ್ಗೆ ಬಂದೇಟ್ಗೆ ಮೊದ್ಲು ನಮ್ದೇ ನೋಡ್ತಾನೆ.”

ಇದು ಎಲ್ಲರಿಗೂ ಸರಿ ಎನ್ನಿಸಿತು. ಸೋಮವಾರ ಬೆಳಗ್ಗೆ ಯಾವ ಆಫೀಸಿನವನಿಗೆ ತಾನೇ ಮನಸ್ಸು ಸರಿ ಇರುತ್ತದೆ?

ಶಾಂತಮೂರ್ತಿಗಳು ಠಾಣೆಗೆ ದೂರು ಕೊಟ್ಟರು. ಒಬ್ಬ ದಫೇದಾರರು ಬೈಕಿನಲ್ಲಿ ಬಂದಿಳಿದರು. ಕಳ್ಳತನ, ಗಡಿ ಜಗಳ, ಕಬ್ಬಿಗೆ ಬೆಂಕಿ, ಎಲ್ಲ ನೋಡಿದ ಮನುಷ್ಯ. ಹ್ಯಾಕರನ್ನು ಮಾತ್ರ ನೋಡಿರಲಿಲ್ಲ.

“ಒಳಕ್ಕೆ ಯಾವ ಕಡೆಯಿಂದ ಬಂದ?”

“ವೈರ್ನಿಂದ ಸಾ,” ಎಂದ ಕೆಂಪನಂಜಪ್ಪ ಗೋಡೆಯ ತೂತು ತೋರಿಸಿ.

ದಫೇದಾರರು ಬಗ್ಗಿ ತೂತಿನಲ್ಲಿ ಕಿರುಬೆರಳು ತೂರಿಸಿ ನೋಡಿದರು. “ಇಷ್ಟರಲ್ಲೇ ನುಗ್ಗಿದ್ನಾ? ಆಸಾಮಿ ಸಣ್ಣಕಿರ್ಬೇಕು. ಸರಿ, ಅದು ನಡೆದಾಗ ರೂಮ್ನಲ್ಲಿ ಯಾರಿದ್ರಿ?”

“ನಾನಿದ್ದೆ ಸಾ.”

ದಫೇದಾರರ ಮೀಸೆ ನೆಟ್ಟಗಾಯಿತು. ಅವರು ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದರು. “ಒಬ್ನೇ ಇದ್ಯಾ?”

“ಒಬ್ನೇ ಸಾ.”

“ಏನ್ ಮಾಡ್ತಿದ್ದೆ ಒಬ್ನೇ?”

“ಸೋಮವಾರದ ಪೂಜೆ ಸಾ.”

ದಫೇದಾರರು ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. “ಮೊದ್ಲೇ ಏಳ್ಬಾರ್ದೇನಯ್ಯ? ವಿಭೂತಿ ಇದ್ರೆ ಕೊಡು.” ಹಣೆಗೆ ಹಚ್ಚಿಕೊಂಡು, ಒಂದು ಚೂರು ಬಾಯಿಗೂ ಹಾಕಿಕೊಂಡು, “ಸರಿ. ಬೇರೆ ಯಾರಿದ್ರು?” ಎಂದರು.

“ಬೇರೆ ಯಾರೂ ಇಲ್ಲ ಸಾ.”

“ಕಷ್ಟದ ಕೇಸು,” ಎಂದು ದಫೇದಾರರು ಬೈಕು ಹತ್ತಿದರು.

ಪೊಲೀಸರಿಂದಲೂ ಆಗದ ಕೆಲಸ ಇನ್ನು ದೇವರೇ ಮಾಡಬೇಕು ಎಂದು ಕೆಂಪನಂಜಪ್ಪನಿಗೆ ಗಟ್ಟಿಯಾಯಿತು. ಸೋಮವಾರ ಮಿಷನ್ ನಿಂತರೆ ಮಗಳ ಮದುವೆ ನಿಲ್ಲುತ್ತದೆ. ನಿಲ್ಲುತ್ತದೆ ಎಂದು ಊರು ಕೇಳುವ ಹಾಗೆ ಹೇಳಿದವನು ತಾನೇ. ಹೇಳಿದ ಮಾತು ವಾಪಸು ತೆಗೆದುಕೊಳ್ಳುವ ಪದ್ಧತಿ ಅವರ ವಂಶದಲ್ಲಿ ಇಲ್ಲ. ಹಾಗಾಗಿ ಸೋಮವಾರದವರೆಗೆ ಕಾಯದೆ ಶುಕ್ರವಾರವೇ ಒಂದು ಹೆಚ್ಚಿನ ಪೂಜೆ ಇಟ್ಟುಕೊಂಡ. ಹ್ಯಾಕರು ಹತ್ತಿರ ಸುಳಿಯಬಾರದೆಂದು ಗಾಜಿನ ಹಣೆಗೆ ವಿಭೂತಿಯನ್ನು ದಪ್ಪಗೆ ಎಳೆದ. ಕುಂಕುಮವನ್ನು ಒತ್ತಿ ಹಿಡಿದ.

ಚಕ್ರ ಶುಕ್ರವಾರವೂ ನಿಂತಿತು.

ಶಾಂತಮೂರ್ತಿಗಳು ಇಡ್ಲಿ ತಿನ್ನುತ್ತಿದ್ದವರು ಚಟ್ನಿ ಕೈಯಲ್ಲೇ ಓಡಿ ಬಂದರು. “ಶುಕ್ರವಾರವೂ ಶುರುವಾಯ್ತಾ! ವೈರು ಕಿತ್ತಿದೆ! ಇಂಟರ್‌ನೆಟ್ ಇಲ್ಲ! ಎಲ್ಲಿಂದ ಬರ್ತಾನೆ ಇವನು?”

“ಸಾ, ಒಂದ್ ಮಾತೇಳ್ಲಾ?” ಎಂದ ಕೆಂಪನಂಜಪ್ಪ ಪ್ರಸಾದದ ತಟ್ಟೆ ಚಾಚಿ. “ನಾನು ಪೂಜೆ ಜಾಸ್ತಿ ಮಾಡದ್ನಲ್ಲಾ, ಅದ್ಕೆ ಅವ್ನು ಎದ್ರವ್ನೆ. ಎದ್ರಿ ದಿನ ಬದಲಾಯ್ಸವ್ನೆ.”

ಶಾಂತಮೂರ್ತಿಗಳು ಚಟ್ನಿಯ ಕೈಯಿಂದಲೇ ತಲೆ ಹಿಡಿದುಕೊಂಡರು. ಮಾಲಿನಿಗೆ ಫೋನು ಹೋಯಿತು. “ವೈರಿಲ್ಲದೆ ಹ್ಯಾಕ್ ಮಾಡೋಕೆ ಸಾಧ್ಯವೇ ಇಲ್ಲ ಸರ್,” ಎಂದಳು ಅವಳು. “ಸಾಧ್ಯವಾಗಿದೆಯಲ್ಲಮ್ಮ!” ಎಂದು ಇವರು ಕೂಗಿದರು. “ಹಾಗಾದ್ರೆ ಅವನು ಬಹಳ ದೊಡ್ಡ ಹ್ಯಾಕರ್ ಸರ್,” ಎಂದಳು.

ಆ ಮಧ್ಯಾಹ್ನ ಮಲ್ಲಿಕಾರ್ಜುನಸ್ವಾಮಿ ಸತ್ತೇಗಾಲದ ಮನೆಗೇ ಬಂದ. ಬಾಗಿಲಲ್ಲೇ ನಿಂತು, “ಮಾವ, ನಾನು ಮಿಷನ್ ಮುಟ್ಟಿಲ್ಲ. ಸೌಮ್ಯನ ಆಣೆಗೂ ಮುಟ್ಟಿಲ್ಲ,” ಎಂದ.

“ಮದುವೆ ಮುಂಚೆ ನನ್ ಮಗಳ ಮ್ಯಾಲೆ ಆಣೆ ಇಡ್ತೀಯೇನಲಾ?”

“ಯಾರ ಮೇಲೆ ಇಡ್ಲಿ ಮತ್ತೆ? ನಿಮ್ಮ ಮೇಲೆ ಇಡ್ಲಾ?”

“ನನ್ ಮ್ಯಾಲಾ! ನಾನೇನ್ಲಾ ಮಾಡಿದ್ದು?”

ಒಳಗೆ ಹೂ ಕಟ್ಟುತ್ತಿದ್ದ ಸೌಮ್ಯ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು. “ಅಪ್ಪಾ, ಮಿಷನ್ ನಿಂತಾಗ್ಲೆಲ್ಲ ನೀನು ಅಲ್ಲೇ ಇರ್ತಿಯಲ್ಲಾ?”

“ಇರ್ತೀನಿ ಕಣಮ್ಮಿ. ಪೂಜೆ ಮಾಡ್ತಿರ್ತೀನಿ.”

ಸೌಮ್ಯ ದಾರ ತೆಗೆದು, “ಅದೂ ಸರಿಯೇ,” ಎಂದು ಮುಂದಿನ ಹೂ ಪೋಣಿಸಿದಳು. ಪುಟ್ಟಸಿದ್ದಯ್ಯ ಎದುರು ಜಗಲಿಯಿಂದ, “ನಾನೂ ಸೋಮವಾರ ಬತ್ತೀನಿ ಕಣ್ಲಾ! ಹ್ಯಾಕರ್‌ನ ಒಂದ್ ದಪ ನೋಡ್ಬೇಕು! ಕೈಗೆ ಸಿಕ್ರೆ ಪಂಪಿನ ಕಾಸೂ ಕೇಳ್ಬೇಕು!” ಎಂದು ಕೂಗಿದ.

ಸೋಮವಾರ ಬಂತು. ಅಷ್ಟು ಸಣ್ಣ ಕಂಟ್ರೋಲ್ ರೂಮಿಗೆ ಆ ದಿನ ಬಂದಷ್ಟು ಜನ ಅದರ ಉದ್ಘಾಟನೆಗೂ ಬಂದಿರಲಿಲ್ಲ. ಬಾಗಿಲಾಚೆ ಚಪ್ಪಲಿಯ ಗುಡ್ಡೆ. ಒಳಗೆ ವೀರಮ್ಮ, ಸೌಮ್ಯ, ಪುಟ್ಟಸಿದ್ದಯ್ಯ, ಮೈಸೂರಿನಿಂದ ಮತ್ತೆ ಬಂದ ಮಾಲಿನಿ. ಸದಾಶಿವಪ್ಪನವರು ಹಸಿರಾದ ಹೊಸ ಎಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಾಗಿಲಲ್ಲಿ ದಫೇದಾರರು ಲಾಠಿ ಅಡ್ಡ ಹಿಡಿದು ನಿಂತರು. ಹ್ಯಾಕರು ಓಡಿಹೋದರೆ ಎಂದು ಬಾಗಿಲನ್ನೂ ಕಿಟಕಿಯನ್ನೂ ಮುಚ್ಚಿಸಿದರು.

“ನೀವು ಗಾಜಿನ ಮೇಲಿಂದ ಕಣ್ಣು ತೆಗೀಬಾರ್ದು,” ಎಂದು ಶಾಂತಮೂರ್ತಿಗಳು ಮಾಲಿನಿಗೆ ಹೇಳಿದರು. ಆಮೇಲೆ ಮಲ್ಲಿಕಾರ್ಜುನಸ್ವಾಮಿಯ ಕಡೆ ತಿರುಗಿ, “ನೀನು ಗಾಜಿನ ಹತ್ತಿರವೇ ಬರಬಾರ್ದು,” ಎಂದರು.

“ಅವ್ನ ಕೈ ನಾನ್ ಇಡ್ಕತೀನಿ,” ಎಂದರು ಸದಾಶಿವಪ್ಪನವರು. ಎಲೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮಗನ ಎರಡು ಮಣಿಕಟ್ಟನ್ನೂ ಹಗ್ಗದ ಹಾಗೆ ಬಿಗಿಯಾಗಿ ಹಿಡಿದರು. “ಈಗ ನಿಂತ್ರೆ ನಿಲ್ಸಿದ್ದು ನನ್ ಮಗ ಅಲ್ಲ ಅಂತ ಊರ್ಗೇ ಗೊತ್ತಾಯ್ತದೆ. ಶುರು ಮಾಡಿ ಬೀಗ್ರೇ.”

“ಬೀಗ್ರು ಅನ್ಬ್ಯಾಡಿ ಅಂದ್ನಲ್ಲ!” ಎಂದು ಕೆಂಪನಂಜಪ್ಪ ಶಲ್ಯ ಸೊಂಟಕ್ಕೆ ಬಿಗಿದ.

ಹೊಳೆಯ ನೀರು, ತೆಂಗಿನಕಾಯಿ, ಬೂದುಗುಂಬಳ, ಸೌಮ್ಯ ಕಟ್ಟಿದ ಮಾರುದ್ದದ ಹೂ, ಅಂಗೈಯಗಲದ ವಿಭೂತಿ ಗಟ್ಟಿ. ಚಕ್ರ ಕೆಳಗೆ ಗುಂಯ್ ಎಂದು ತಿರುಗುತ್ತಿತ್ತು. ಕೆಂಪನಂಜಪ್ಪ ಬಾಗಿಲಿಗೆ ಹಚ್ಚಿದ, ಮೇಜಿಗೆ ಹಚ್ಚಿದ, ಅಡ್ಡ ಸಿಕ್ಕ ದಫೇದಾರರ ಲಾಠಿಗೂ ಹಚ್ಚಿದ. ಕರ್ಪೂರ ಹೊತ್ತಿತು. ಗಂಟೆ ಕೈಗೆ ಬಂತು. “ಓಂ ನಮಃ ಶಿವಾಯ” ಎಂದು ಅವನು ಗಾಜಿನ ಮುಂದೆ ನಿಂತದ್ದೇ ತಡ, ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು.

ಗಂಟೆ ಹೊಡೆಯಿತು. ಇನ್ನೊಂದು ಗಂಟೆಯೂ ಹೊಡೆಯಿತು. ಗುಂಯ್ ಎನ್ನುವುದು ಗೊರ್ ಎಂದು, ಗೊರ್ ಎನ್ನುವುದು ಉಸ್ಸೆಂದು, ರೂಮು ಕತ್ತಲಾಯಿತು. ಬಾಗಿಲು ಕಿಟಕಿ ಮುಚ್ಚಿದ್ದ ಆ ರೂಮಿನಲ್ಲಿ ಕರ್ಪೂರದ ಬೆಳಕು ಬಿಟ್ಟರೆ ಇನ್ನೇನಿಲ್ಲ.

“ನಿಂತ್ಹೋಯ್ತು!” ಶಾಂತಮೂರ್ತಿಗಳು ಎದೆ ಬಡಿದುಕೊಂಡರು. “ಇಷ್ಟು ಜನರ ಕಣ್ಣೆದುರಿಗೇ ನಿಲ್ಲಿಸಿಬಿಟ್ಟ! ಮಾಲಿನಿ, ಏನು ನೋಡಿದ್ರಿ?”

“ಕಣ್ಣು ಮುಚ್ಚಿದ್ದೆ ಸರ್.”

“ಗಾಜಿನ ಮೇಲಿಂದ ಕಣ್ಣು ತೆಗೀಬೇಡಿ ಅಂದಿದ್ದೆನಲ್ಲ!”

“ಮಂಗಳಾರತಿ ಎದುರಿಗೆ ಕಣ್ಣು ಬಿಟ್ಕೊಂಡು ಹೇಗೆ ನಿಂತ್ಕೊಳ್ಳೋದು ಸರ್? ನೀವು ನೋಡಿದ್ರಾ?”

ಶಾಂತಮೂರ್ತಿಗಳೂ ಮುಚ್ಚಿದ್ದರು. ದಫೇದಾರರೂ ಮುಚ್ಚಿದ್ದರು. ಹ್ಯಾಕರನ್ನು ನೋಡಲೆಂದೇ ಬಂದ ಪುಟ್ಟಸಿದ್ದಯ್ಯ, “ತೂ, ಆಗ್ಲೇ ಬಂದೋಗ್ಬುಟ್ನಾ?” ಎಂದು ಕತ್ತಲಲ್ಲಿ ಸುತ್ತ ತಡಕಾಡಿದ.

ಬ್ಯಾಟರಿಯ ದೀಪ ಹತ್ತಿಕೊಂಡಿತು. ಆ ಬೆಳಕಿನಲ್ಲಿ ನೋಡಿದರೆ ಸದಾಶಿವಪ್ಪನವರೊಬ್ಬರು ಮಾತ್ರ ನೆಟ್ಟ ಕಣ್ಣು ನೆಟ್ಟ ಹಾಗೇ ನಿಂತಿದ್ದರು. ಮಗನ ಕೈ ಹಿಡಿದಿದ್ದರಿಂದ ಅವರಿಗೆ ಕೈ ಮುಗಿಯಲು ಆಗಿರಲಿಲ್ಲ. ಕೈ ಮುಗಿಯದ ಮೇಲೆ ಕಣ್ಣು ಮುಚ್ಚುವುದು ಯಾಕೆಂದು ಅವರು ಬಿಟ್ಟುಕೊಂಡೇ ಇದ್ದರು. ಅದೂ ಅಲ್ಲದೆ ಅವರಿಗೆ ಬೀಗರ ಮೇಲೆ ಸಿಟ್ಟಿತ್ತು.

“ಬೀಗ್ರೇ,” ಎಂದರು ಅವರು ಬಹಳ ಮೆಲ್ಲಗೆ. “ಗಾಜು ಒರೆಸ್ಬ್ಯಾಡಿ. ಸಾ, ಮಿಷನ್ ತಿರ್ಗ ಓಡ್ಸಿ. ಬೀಗ್ರು ತಿರ್ಗ ಹಚ್ಲಿ. ಎಲ್ರೂ ಕಣ್ ಬಿಟ್ಕಳಿ. ಪಾಪ ಬಂದ್ರೆ ನಂಗ್ ಬರ್ಲಿ.”

ಶಾಂತಮೂರ್ತಿಗಳು ತಾವೇ ಚಕ್ರ ಓಡಿಸಿದರು. ದೀಪ ಬಂತು. ಎಲ್ಲರೂ ಅಪರಾಧ ಮಾಡುವವರ ಹಾಗೆ ಕಣ್ಣು ಬಿಟ್ಟುಕೊಂಡು ನಿಂತರು. ಯಾಕೆಂದು ಗೊತ್ತಾಗದ ಕೆಂಪನಂಜಪ್ಪ ಮೂರು ಬೆರಳು ವಿಭೂತಿಗೆ ಅದ್ದಿ ಎಳೆದ. ‘ಖಂಡಿತವಾಗಿ ನಿಲ್ಲಿಸಲೇ?’ ಎಂದಿತು ಗಾಜು. ಕುಂಕುಮದ ಬೆರಳು ನೆಟ್ಟಗೆ ಹೋಗಿ ‘ಹೌದು’ ಎಂದಿತು. ಚಕ್ರ ಗೊರ್ ಎಂದು, ಉಸ್ಸೆಂದು ನಿಂತಿತು.

ಮೊದಲು ನಕ್ಕವಳು ಮಾಲಿನಿ. ಬಾಯಿಗೆ ದುಪಟ್ಟಾ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ದಫೇದಾರರು. ಆಮೇಲೆ ಹೊಟ್ಟೆ ಹಿಡಿದು ಶಾಂತಮೂರ್ತಿಗಳು. ಪುಟ್ಟಸಿದ್ದಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕಿರುಚಿದ. “ಲೇ ನಂಜಾ! ಆ ದೇಸ ಎಲ್ಲದೆ ಅಂತ ಈಗ್ಲಾದ್ರೂ ಏಳ್ಲಾ! ನಮ್ಮೆದ್ರು ಮನೇಲೇ ಇತ್ತಾ ಆ ದೇಸ!”

ಕೆಂಪನಂಜಪ್ಪ ತನ್ನ ಮೂರು ಬೆರಳನ್ನು ನೋಡಿದ. ಗಾಜನ್ನು ನೋಡಿದ. “ನಾನು ಹಚ್ಚಿದ್ಕಾ?” ಎಂದ. “ಆ ಬೋರ್ಡ್ಗೆ ಎಷ್ಟ್ ವರ್ಸ ಹಚ್ಚಿವ್ನಿ! ಅದು ಯಾವತ್ತಾರಾ ನಿಂತಿತ್ತಾ? ಇದ್ಕೇನ್ ಬಂತು ರೋಗ?”

“ಅದೆಲ್ಲ ಆಮ್ಯಾಲೆ,” ಎಂದರು ಸದಾಶಿವಪ್ಪನವರು, ಮಗನ ಕೈ ಬಿಟ್ಟು ಎದೆಯುಬ್ಬಿಸಿ. “ಸೋಮವಾರ ಮಿಷನ್ ನಿಂತ್ರೆ ಮದುವೆ ನಿಂತಂಗೆ ಅಂದೋರು ಯಾರು?”

ನಗು ನಿಂತಿತು. ಸೌಮ್ಯ ಮಲ್ಲಿಕಾರ್ಜುನಸ್ವಾಮಿಯ ಮುಖ ನೋಡಿದಳು. ಅವನು ತನ್ನ ಮಣಿಕಟ್ಟು ಉಜ್ಜಿಕೊಳ್ಳುತ್ತ ನೆಲ ನೋಡಿದ.

“ನಾನೇ ಅಂದಿದ್ದು,” ಎಂದ ಕೆಂಪನಂಜಪ್ಪ. “ಅಂದ ಮಾತು ಅಂದಂಗೆ.”

“ಅಂದಂಗೇ ಆಗ್ಲಿ!” ವೀರಮ್ಮ ಪ್ರಸಾದದ ತಟ್ಟೆಯನ್ನು ಮೇಜಿಗೆ ಕುಕ್ಕಿದಳು. “ಮಿಷನ್ ನಿಲ್ಸಿದ್ದು ಯಾರೋ ಅವ್ರ ಮದುವೆ ನಿಂತಂಗೆ! ಅದೇ ಕಣ್ರಪ್ಪ ನ್ಯಾಯ. ನನ್ ಮದುವೆ ಬೇಕಾದ್ರೆ ಇವತ್ತೇ ನಿಲ್ಸಿ, ನಂಗೇನೂ ಬ್ಯಾಸ್ರಿಲ್ಲ. ಹುಡುಗ್ರುದು ಯಾಕ್ ನಿಲ್ಬೇಕು?”

ದಫೇದಾರರು, “ಕಾನೂನ್ ಪ್ರಕಾರವೂ ಅಷ್ಟೇ,” ಎಂದರು. ಯಾವ ಕಾನೂನು ಎಂದು ಯಾರೂ ಕೇಳಲಿಲ್ಲ.

ಶಾಂತಮೂರ್ತಿಗಳು ಕಣ್ಣೊರೆಸಿಕೊಂಡು, “ಮಲ್ಲಿಕಾರ್ಜುನ, ನಿನ್ನ ಕೆಲಸ ಎಲ್ಲೂ ಹೋಗಲ್ಲಪ್ಪ. ತಪ್ಪು ತಿಳ್ಕೊಂಡೆ,” ಎಂದರು. ಆಮೇಲೆ ಕೆಂಪನಂಜಪ್ಪನ ಹೆಗಲ ಮೇಲೆ ಕೈಯಿಟ್ಟರು. ಅವರಿಗೂ ಇವನನ್ನು ಕಳಿಸುವ ಮನಸ್ಸಿರಲಿಲ್ಲ. “ನೋಡು ಕೆಂಪನಂಜಪ್ಪ, ಪೂಜೆ ಬಿಡು ಅಂತ ನಾನು ಹೇಳಲ್ಲ. ಮಾಡು. ಮುಂದ್ಗಡೆ ಗಾಜು ಮಾತ್ರ ಮುಟ್ಟಬೇಡ. ಹಿಂದ್ಗಡೆ ತಗಡಿದೆ, ಅಲ್ಲಿ ಎಷ್ಟು ಬೇಕಾದ್ರೂ ಹಚ್ಚು.”

“ಇಂದ್ಗಡೆ?”

“ಹಿಂದ್ಗಡೆ.”

“ಬೆನ್ಗೆ?”

“ಬೆನ್ನು ಅಂತಲೇ ಇಟ್ಕೋ.”

ಕೆಂಪನಂಜಪ್ಪನ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಎಲ್ಲರ ನಗುವನ್ನು ಸಹಿಸಿಕೊಂಡಿದ್ದ, ಮದುವೆಯ ಮಾತು ಸಹಿಸಿಕೊಂಡಿದ್ದ. ಇದೊಂದು ತಡೆಯಲಾಗಲಿಲ್ಲ.

“ಯಾವ ದೇವ್ರಿಗ್ರೀ ಬೆನ್ಗೆ ವಿಭೂತಿ ಹಚ್ತಾರೆ! ನಿಮ್ ಮನೆ ದೇವ್ರ ಬೆನ್ಗೆ ಹಚ್ತೀರಾ? ಹಣೆ ಕೊಡದೆ ಇರೋ ಮಿಷನ್ ಹತ್ರ ಕೆಂಪನಂಜಪ್ಪಂಗೇನು ಕೆಲ್ಸ? ಇಟ್ಕಳಿ ನಿಮ್ ಗಾಜ! ಅದ್ಕೆ ಮುತ್ತಿಕ್ಕಳಿ!”

ಗಂಟೆ ನೆಲಕ್ಕಿಟ್ಟ. ವಿಭೂತಿ ಗಟ್ಟಿ ಜೇಬಿಗೆ ಹಾಕಿಕೊಂಡ. ದಫೇದಾರರ ಲಾಠಿ ಕೆಳಗೆ ತೂರಿ, ಬಾಗಿಲು ತೆಗೆದು, ಆಚೆ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು, ಕಾಲುವೆಯ ದಂಡೆ ಹಿಡಿದು ನಡೆದೇಬಿಟ್ಟ.

“ಬತ್ತಾರೆ ಬುಡಿ,” ಎಂದಳು ವೀರಮ್ಮ. “ಎಲ್ಲಿಗೆ ಓದಾರು? ಕಾಯಿ ಒಡೆಯೋದ್ರೊಳ್ಗೆ ಬತ್ತಾರೆ.”

ಕಾಯಿ ಒಡೆದರು. ಬರಲಿಲ್ಲ. ಚಕ್ರ ಓಡಿಸಿದರು. ಬರಲಿಲ್ಲ. ಹೊತ್ತು ಏರಿ ಎಲೆ ಮತ್ತೆ ಬಾಡುತ್ತದೆಂದು ಹೆದರಿ, ಹೆಣ್ಣಿನ ಕಡೆಯ ದೊಡ್ಡವರ ಜಾಗದಲ್ಲಿ ಪುಟ್ಟಸಿದ್ದಯ್ಯನನ್ನೇ ನಿಲ್ಲಿಸಿ ಆ ಮಿಷನ್ ಮುಂದೆಯೇ ವೀಳ್ಯ ಬದಲಾಯಿಸಿದರು. ಗಾಜಿನ ಹತ್ತಿರ ಯಾರೂ ಸುಳಿಯದ ಹಾಗೆ ಮಾಲಿನಿ ಎರಡು ಕೈ ಚಾಚಿ ಅಡ್ಡ ನಿಂತಿದ್ದಳು.

ಸದಾಶಿವಪ್ಪನವರು ಹೊರಗೆ ಬಂದು ನೋಡಿದರೆ ಅವರ ಚಪ್ಪಲಿಯಿಲ್ಲ. ವೀಳ್ಯಕ್ಕೆಂದೇ ಕೊಳ್ಳೇಗಾಲದಲ್ಲಿ ಕೊಂಡಿದ್ದ ಕಿರುಗುಟ್ಟುವ ಹೊಸ ಜೋಡು. ಅದರ ಜಾಗದಲ್ಲಿ ಹಿಮ್ಮಡಿ ಸವೆದು, ಪಟ್ಟಿಗೆ ತಂತಿ ಕಟ್ಟಿದ್ದ ಕೆಂಪನಂಜಪ್ಪನ ಹಳೇ ಚಪ್ಪಲಿ ಬಿದ್ದಿತ್ತು. ಅವರು ದಂಡೆಯ ಮೇಲೆ ನಿಂತು ದೂರದವರೆಗೆ ನೋಡಿದರು. ವೀಳ್ಯ ಮುಗಿಯುವವರೆಗೆ ಅಲ್ಲೇ ದೂರದಲ್ಲಿ ಕುಳಿತಿದ್ದ ಕೆಂಪನಂಜಪ್ಪ ಈಗ ಎದ್ದು, ಒಂದು ಸಲವೂ ತಿರುಗಿ ನೋಡದೆ ಹೋಗುತ್ತಿದ್ದ. ಅಷ್ಟು ದೂರದಿಂದಲೂ ಹೊಸ ಚಪ್ಪಲಿ ಕಿರ್ರ್ ಕಿರ್ರ್ ಎನ್ನುವುದು ಕೇಳುತ್ತಿತ್ತು.

“ಬೀಗ್ರೇ!” ಎಂದು ಸದಾಶಿವಪ್ಪನವರು ಕೂಗಿದರು.

ಬೀಗ್ರು ಅನ್ನಬೇಡಿ ಎಂದು ಈ ಸಲ ಅವನು ಅನ್ನಲಿಲ್ಲ. ನಿಲ್ಲಲೂ ಇಲ್ಲ. ಬಸ್ಸಿನ ಹೊತ್ತಿನವರೆಗೂ ಕಾದು, ಸದಾಶಿವಪ್ಪನವರು ತಂತಿ ಕಟ್ಟಿದ ಚಪ್ಪಲಿಯಲ್ಲಿ ಕುಂಟುತ್ತ ಬಂಡಳ್ಳಿಗೆ ಹೋದರು.